ಮಳೆ ನಿಂತ ಮೇಲೆ ಬರುವ ನೆರೆ

ಕೆಲವು ವರ್ಷಗಳ ಹಿಂದಿನ ಮಾತು. ಆಶ್ಲೇಷ ಮಳೆ ಹತ್ತು ದಿನ ಬಿಡದೆ ಹೊಯ್ದು, ಮಘೆಯ ಹೊತ್ತಿಗೆ ಹೊಳವಾಗಿತ್ತು. ನಾಲ್ಕು ದಿನ ಬಿಸಿಲು ಕಂಡದ್ದೇ ನನಗೆ ಉತ್ಸಾಹ ಬಂತು. ಮನೆಯ ಹಿಂದಿನ ಸಂಪಿನಲ್ಲಿ ಕೆಸರು ಕೂತು ಬಹಳ ದಿನವಾಗಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದವನು ಪಂಪು ಹಚ್ಚಿ ಸಂಪನ್ನು ತಳದವರೆಗೂ ಖಾಲಿ ಮಾಡಿ, ತೊಳೆದು, ಒಣಗಲೆಂದು ಮುಚ್ಚಳ ತೆರೆದಿಟ್ಟು ಮಲಗಿದೆ.

ನಡುರಾತ್ರಿ 'ಧಡ್' ಎಂದು ಸದ್ದಾಯಿತು. ತೆಂಗಿನಕಾಯಿ ಬಿದ್ದಿರಬೇಕೆಂದು ಮಗ್ಗುಲು ಬದಲಿಸಿದೆ. ಬೆಳಗ್ಗೆ ನೋಡಿದರೆ ಸಂಪಿನ ಒಂದು ಪಕ್ಕ ನೆಲದಿಂದ ನಾಲ್ಕು ಬೆರಳು ಮೇಲೆದ್ದಿತ್ತು! ತಳದ ಕಾಂಕ್ರೀಟು ಬಿರುಕು ಬಿಟ್ಟು, ಅದರ ಸಂದಿಯಿಂದ ತಿಳಿನೀರು ಬುಗುಬುಗು ಉಕ್ಕುತ್ತಿತ್ತು. ಕರೆಸಿದ ಗಾರೆ ಕೆಲಸದ ಹಿರಿಯರು ಒಮ್ಮೆ ಬಗ್ಗಿ ನೋಡಿ, "ಅಲ್ಲ ಮೇಷ್ಟ್ರೇ, ನೆಲದ ತುಂಬ ಜಲ ಎದ್ದಿರುವಾಗ ಯಾರಾದರೂ ತೊಟ್ಟಿ ಬರಿದು ಮಾಡುತ್ತಾರೆಯೇ?" ಎಂದರು. ನನಗೆ ನಾಚಿಕೆಯಾಯಿತು. ಆರ್ಕಿಮಿಡೀಸನ ತತ್ತ್ವವನ್ನು ಇಪ್ಪತ್ತೈದು ವರ್ಷಗಳಿಂದ ಒಂಬತ್ತನೇ ತರಗತಿಗೆ ಪಾಠ ಹೇಳುತ್ತ ಬಂದವನು ನಾನು.

ಸಂಪು ಹೋದದ್ದು ಹಣದ ನಷ್ಟ. ಅದೇ ವಾರ ನಮ್ಮ ಕೇರಿಯಲ್ಲಿ ಮಕ್ಕಳಿಗೆ ವಾಂತಿ-ಭೇದಿ ಶುರುವಾಯಿತು. ಒಬ್ಬ ಹುಡುಗಿಯನ್ನು ತಾಲೂಕು ಆಸ್ಪತ್ರೆಗೆ ಸೇರಿಸಿ ಮೂರು ದಿನ ಡ್ರಿಪ್ ಹಾಕಿಸಬೇಕಾಯಿತು. ಊರಿಗೆ ಹೊಳೆಯ ನೀರು ನುಗ್ಗಿರಲಿಲ್ಲ. ರಸ್ತೆಯ ಮೇಲೆ ಒಂದು ಹನಿ ನೀರು ನಿಂತಿರಲಿಲ್ಲ. ಆದರೂ ಊರಿಗೆ ನೆರೆ ಬಂದಿತ್ತು. ಅದು ಬಾಗಿಲಿನಿಂದ ಬರದೆ ನೆಲದಡಿಯಿಂದ ಬಂದಿತ್ತು, ಅಷ್ಟೆ.

ನೆಲದೊಳಗಿನ ಲೆಕ್ಕ

ಹೊಳೆಯ ನೆರೆ ಎಲ್ಲರಿಗೂ ಗೊತ್ತು. ಅದು ಗಂಟೆಗಳಲ್ಲಿ ಏರಿ ದಿನಗಳಲ್ಲಿ ಇಳಿಯುತ್ತದೆ. ಅಂತರ್ಜಲದ ನೆರೆಯ ಸ್ವಭಾವ ಬೇರೆ. ಮಳೆನೀರಿನ ಒಂದು ಪಾಲು ಮಣ್ಣಿನ ಮೂಲಕ ಇಳಿದು, ಕೆಳಗಿನ ಕಲ್ಲು-ಮಣ್ಣಿನ ಸಂದುಗಳನ್ನು ತುಂಬುತ್ತದೆ. ಹೀಗೆ ತುಂಬಿದ ಭಾಗದ ಮೇಲ್ಮೈಯೇ ಅಂತರ್ಜಲ ಮಟ್ಟ. ತೆರೆದ ಬಾವಿಯಲ್ಲಿ ಇಣುಕಿದರೆ ನಮಗೆ ಕಾಣುವುದು ಅದೇ. ಈ ಮಟ್ಟ ಏರುತ್ತ ಏರುತ್ತ ನೆಲದ ಮಟ್ಟವನ್ನೇ ಮುಟ್ಟಿದರೆ ತಗ್ಗಿನ ಜಾಗಗಳಲ್ಲಿ ನೀರು ಮೇಲಕ್ಕೆ ಬರಲೇಬೇಕು. ಅಡುಗೆಮನೆಯ ನೆಲ ಬೆವರುತ್ತದೆ, ಅಂಗಳದಲ್ಲಿ ಹೊಸ ಒರತೆ ಒಡೆಯುತ್ತದೆ, ಶೌಚಾಲಯದ ಗುಂಡಿ ತಾನಾಗಿ ತುಂಬಿಕೊಳ್ಳುತ್ತದೆ.

ಮಟ್ಟ ಎಷ್ಟು ಏರುತ್ತದೆ ಎಂಬುದು ಆಯಾ ನೆಲವನ್ನು ಅವಲಂಬಿಸಿದೆ. ದಪ್ಪ ಮರಳಿನಲ್ಲಿ ನೀರು ಓಡಾಡುವ ಸಂದುಗಳು ಧಾರಾಳ. ನೂರು ಪಾಲು ಮರಳಿನಲ್ಲಿ ಹದಿನೈದು ಇಪ್ಪತ್ತು ಪಾಲಿನಷ್ಟು ನೀರು ಸೇರಿ ಹರಿಯಬಲ್ಲದು. ನಮ್ಮ ಕರಾವಳಿ-ಮಲೆನಾಡಿನ ಜಂಬಿಟ್ಟಿಗೆಯಲ್ಲಿ, ಬಯಲುಸೀಮೆಯ ಶಿಥಿಲ ಶಿಲೆಯಲ್ಲಿ ಈ ಪ್ರಮಾಣ ನೂರಕ್ಕೆ ಎರಡು ಮೂರು ಪಾಲು ಮಾತ್ರ. ಈಗ ಲೆಕ್ಕ ಹಾಕಿ. ೧೦೦ ಮಿಲಿಮೀಟರ್ ನೀರು ನೆಲಕ್ಕೆ ಇಂಗಿತು ಎನ್ನೋಣ. ನೂರಕ್ಕೆ ಇಪ್ಪತ್ತು ಪಾಲು ಸಂದಿರುವ ಮರಳಿನಲ್ಲಿ ಮಟ್ಟ ಏರುವುದು ಅರ್ಧ ಮೀಟರ್. ನೂರಕ್ಕೆ ಎರಡೂವರೆ ಪಾಲಿನ ಜಂಬಿಟ್ಟಿಗೆಯಲ್ಲಿ ಏರುವುದು ನಾಲ್ಕು ಮೀಟರ್! ಜೂನ್‌ನಲ್ಲಿ ಪಾತಾಳ ಕಂಡಿದ್ದ ಬಾವಿ ಆಗಸ್ಟ್‌ನಲ್ಲಿ ಕಟ್ಟೆಗೆ ಬರುವ ಗುಟ್ಟು ಇದೇ.

ಎರಡನೆಯದು ವೇಗ. ನೆಲದೊಳಗೆ ನೀರು ತೆವಳುತ್ತ ಸಾಗುತ್ತದೆ. ಅದು ಯಾವ ನಿಯಮದಂತೆ ಸಾಗುತ್ತದೆ ಎಂಬುದನ್ನು ಫ್ರಾನ್ಸ್ ದೇಶದ ಹೆನ್ರಿ ಡಾರ್ಸಿ ಎಂಬ ಎಂಜಿನಿಯರು ೧೮೫೬ರಲ್ಲೇ ಮರಳು ತುಂಬಿದ ಕೊಳವೆಗಳ ಪ್ರಯೋಗದಿಂದ ಕಂಡುಹಿಡಿದ. ಗುಡ್ಡದ ಮೇಲೆ ಇಂಗಿದ ನೀರು ತಪ್ಪಲಿನ ಊರನ್ನು ಮುಟ್ಟಲು ದಿನಗಳೂ ಬೇಕಾಗಬಹುದು, ವಾರಗಳೂ ಬೇಕಾಗಬಹುದು. 'ಮಳೆ ನಿಂತರೂ ಮರದ ಹನಿ ನಿಲ್ಲದು' ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ನನ್ನ ತಪ್ಪು ಇದ್ದದ್ದೂ ಇಲ್ಲೇ. ಆಕಾಶ ಹೊಳವಾದದ್ದನ್ನು ನೋಡಿದೆ. ಹತ್ತು ಹೆಜ್ಜೆ ನಡೆದು ಬಾವಿ ನೋಡಲಿಲ್ಲ.

ಸೀಮೆಸುಣ್ಣದ ಗುಡ್ಡಗಳ ಊರುಗಳು

ಈ ಬಗೆಯ ನೆರೆಯನ್ನು ಬಹಳ ಕಾಲದಿಂದ ಗಮನಿಸಿಕೊಂಡು ಬಂದ ದೇಶ ಇಂಗ್ಲೆಂಡ್. ಅಲ್ಲಿನ ದಕ್ಷಿಣ ಭಾಗದ ಗುಡ್ಡಗಳು ಚಾಕ್ ಎಂಬ ಮೆದುವಾದ ಬಿಳಿ ಸುಣ್ಣಕಲ್ಲಿನವು. ಹಿಂದೆ ಕಪ್ಪು ಹಲಗೆಯ ಮೇಲೆ ಬರೆಯುವ ಸೀಮೆಸುಣ್ಣಕ್ಕೆ ಹೆಸರು ಕೊಟ್ಟ ಕಲ್ಲೇ ಅದು. ಅದರಲ್ಲಿ ನೀರು ಸುಲಭವಾಗಿ ಓಡಾಡುವ ಬಿರುಕುಗಳ ಪ್ರಮಾಣ ನೂರಕ್ಕೆ ಸುಮಾರು ಒಂದು ಪಾಲು. ಅಂದರೆ ೧೦೦ ಮಿಲಿಮೀಟರ್ ಇಂಗಿದರೆ ಮಟ್ಟ ೧೦ ಮೀಟರಿನಷ್ಟು ಏರಬಲ್ಲದು. ಬೇಸಿಗೆಯಲ್ಲಿ ಒಣಗಿರುವ ಕಣಿವೆಗಳಲ್ಲಿ ಚಳಿಗಾಲದ ಮಳೆಯ ನಂತರ ನೆಲದಿಂದಲೇ ತೊರೆ ಹುಟ್ಟುತ್ತದೆ. ಇಂಥ ತೊರೆಗೆ ಅಲ್ಲಿನವರು 'ವಿಂಟರ್‌ಬೋರ್ನ್', ಎಂದರೆ ಚಳಿಗಾಲದ ತೊರೆ ಎನ್ನುತ್ತಾರೆ. ಹಲವು ಊರುಗಳಿಗೆ ಅದೇ ಹೆಸರು. ನಮ್ಮ ತುಮಕೂರಿನ ಬಳಿಯ ನಾಮದ ಚಿಲುಮೆಯ ಹಾಗೆ, ಹೆಸರೇ ನೆಲದ ಗುಟ್ಟನ್ನು ಹೇಳುತ್ತದೆ.

ಅಲ್ಲಿನ ಪಶ್ಚಿಮ ಸಸೆಕ್ಸ್ ಪ್ರಾಂತ್ಯದ ಚಿಲ್‌ಗ್ರೋವ್ ಎಂಬಲ್ಲಿ ಒಂದು ಬಾವಿಯಿದೆ. ಅದರ ನೀರಿನ ಮಟ್ಟವನ್ನು ೧೮೩೬ರಿಂದ ಅಳೆದು ಬರೆದಿಡುತ್ತ ಬಂದಿದ್ದಾರೆ. ಜಗತ್ತಿನಲ್ಲೇ ಅತಿ ದೀರ್ಘ ಕಾಲ ಅಳತೆ ಕಂಡ ಬಾವಿಗಳಲ್ಲಿ ಅದು ಒಂದು. ೧೯೯೪ರ ಜನವರಿಯಲ್ಲಿ ಆ ಬಾವಿ ತುಂಬಿ ಹೊರಕ್ಕೆ ಹರಿಯಿತು. ಆ ಗುಡ್ಡಗಳ ನೀರಿನಿಂದಲೇ ಹುಟ್ಟುವ, ಬೇಸಿಗೆಯಲ್ಲಿ ಒಣಗಿರುವ ಲವಂಟ್ ಎಂಬ ಪುಟ್ಟ ಹೊಳೆ ಅದೇ ತಿಂಗಳು ಚಿಚೆಸ್ಟರ್ ಪಟ್ಟಣದ ಬೀದಿಗಳಿಗೆ ನುಗ್ಗಿತು.

೨೦೦೦ದ ಶರತ್ಕಾಲದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುರಿದ ಮಳೆ ೧೭೬೬ರಿಂದೀಚಿನ ದಾಖಲೆಯಲ್ಲೇ ಆ ಋತುವಿನ ಅತಿ ಹೆಚ್ಚಿನದು. ಅದರ ಬೆನ್ನಿಗೇ ಹ್ಯಾಂಪ್‌ಶೈರ್ ಪ್ರಾಂತ್ಯದ ಹ್ಯಾಂಬಲ್ಡನ್ ಎಂಬ ಹಳ್ಳಿಯಲ್ಲಿ ನೆಲದಿಂದ ನೀರೆದ್ದಿತು. ೨೦೧೪ರ ಆರಂಭದಲ್ಲಿ ಮತ್ತೆ ಅದೇ ಪಾಡು. ಬಾಗಿಲಿಗೆ ಮರಳಿನ ಚೀಲ ಇಟ್ಟರೆ ಹೊಳೆಯ ನೀರನ್ನು ತಡೆಯಬಹುದು. ಹಲಗೆಯ ಅಡಿಯಿಂದ ಉಕ್ಕುವ ನೀರಿಗೆ ಏನು ಇಡುವುದು? ಜನ ವಾರಗಟ್ಟಲೆ ಪಂಪು ಹಚ್ಚಿ ನೀರೆತ್ತಿದರು. ನೆಲದ ನೀರು ಒಳಚರಂಡಿಯ ಕೊಳವೆಗಳಿಗೂ ಸೇರಿ ಮಲಿನ ನೀರು ಹಿಂದಕ್ಕೆ ಬರುವ ಭಯ ಬೇರೆ. ನಂತರ ಅಲ್ಲಿ ನೀರು ಹೊರಕ್ಕೆ ಹರಿಯಲು ರಸ್ತೆಯಡಿ ದೊಡ್ಡ ಕೊಳವೆ ಹಾಕಿದರು. ಇಂಗ್ಲೆಂಡಿನಲ್ಲಿ ಇಂಥ ಅಪಾಯದ ನೆಲದಲ್ಲಿರುವ ಕಟ್ಟಡಗಳು ೧,೨೨,೦೦೦ದಿಂದ ೨,೯೦,೦೦೦ದವರೆಗೆ ಇರಬಹುದೆಂದು ಬ್ರಿಟಿಷ್ ಭೂವೈಜ್ಞಾನಿಕ ಸರ್ವೇಕ್ಷಣೆ ಅಂದಾಜು ಮಾಡಿದೆ.

ನಾವು ಅವರಿಂದ ಕಲಿಯಬೇಕಾದ ಮುಖ್ಯ ಸಂಗತಿ ಬೇರೊಂದಿದೆ. ಅಲ್ಲಿನ ಪರಿಸರ ಇಲಾಖೆ ಕೆಲವು ಬಾವಿಗಳ ಮಟ್ಟವನ್ನು ನೋಡುತ್ತಲೇ ಇರುತ್ತದೆ. ಇಂಥ ಬಾವಿಯಲ್ಲಿ ನೀರು ಇಂಥ ಗೆರೆ ಮುಟ್ಟಿದರೆ ಇಂಥ ಹಳ್ಳಿಯಲ್ಲಿ ನೆಲ ಒಸರಲು ಶುರುವಾಗುತ್ತದೆ ಎಂಬುದು ಹಳೆಯ ಅಳತೆಗಳಿಂದ ಗೊತ್ತು. ಆ ಗೆರೆ ಹತ್ತಿರವಾದ ಕೂಡಲೇ ಮುನ್ಸೂಚನೆ ಹೋಗುತ್ತದೆ. ಅಂತರ್ಜಲದ ನೆರೆ ನಿಧಾನವಾಗಿ ಬರುತ್ತದೆ, ಬರುವ ಮೊದಲು ಬಾವಿಯಲ್ಲಿ ಹೇಳಿ ಬರುತ್ತದೆ. ಕೇಳುವವರು ಬೇಕು.

ನಮ್ಮ ನೆಲದಲ್ಲಿ ಮೂರು ಮುಖ

ನಮ್ಮಲ್ಲಿ ಇದಕ್ಕೆ ಮೂರು ಮುಖಗಳಿವೆ. ಮೊದಲನೆಯದು ಮಲೆನಾಡು ಮತ್ತು ಕರಾವಳಿಯದು. ಜುಲೈ-ಆಗಸ್ಟ್‌ನಲ್ಲಿ ಬಾವಿ ಕಟ್ಟೆಗೆ ಬರುವುದು ಇಲ್ಲಿ ಹೊಸದಲ್ಲ. ನಮ್ಮ ಹಿರಿಯರು ಮನೆಯನ್ನು ಎತ್ತರದ ಪಂಚಾಂಗದ ಮೇಲೆ ಕಟ್ಟಿ, ಹಿಂದಿನ ಧರೆಯ ಬುಡಕ್ಕೆ ಕಾಲುವೆ ತೆಗೆಸುತ್ತಿದ್ದರು. ಈಚೆಗೆ ಧರೆ ಕಡಿದು, ತಗ್ಗಿನಲ್ಲಿ ಮನೆ ಕಟ್ಟಿ, ಕಾಲುವೆಯನ್ನು ಮುಚ್ಚಿ ಅಂಗಳಕ್ಕೆ ಸಿಮೆಂಟು ಹಾಕುವುದು ಹೆಚ್ಚಾಗಿದೆ. ನೀರಿಗೆ ಇದ್ದ ದಾರಿ ಹೋಯಿತು. ಅದು ಮನೆಯೊಳಗೆ ದಾರಿ ಹುಡುಕುತ್ತದೆ.

ಗುಡ್ಡದ ಬುಡದವರು ಇನ್ನೊಂದು ಮಾತನ್ನು ಮರೆಯಬಾರದು. ಮಣ್ಣಿನ ಸಂದುಗಳಲ್ಲಿ ನೀರಿನ ಒತ್ತಡ ಹೆಚ್ಚಿದಂತೆ ಮಣ್ಣಿನ ಕಣಗಳ ಹಿಡಿತ ಸಡಿಲವಾಗುತ್ತದೆ. ೨೦೧೮ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದು ಹೀಗೆ ನೀರುಂಡು ತೊಯ್ದಿದ್ದಾಗಲೇ. ಹಿಂದಿನ ಧರೆಯಲ್ಲಿ ಇದ್ದಕ್ಕಿದ್ದಂತೆ ಹೊಸ ಒರತೆ ಒಡೆದರೆ, ತಿಳಿಯಾಗಿದ್ದ ಒರತೆ ಕೆಂಪಾದರೆ, ನೆಲದಲ್ಲಿ ಬಿರುಕು ಕಂಡರೆ, ಮರಗಳು ವಾಲಿದರೆ ಆ ರಾತ್ರಿ ಅಲ್ಲಿ ಮಲಗಬಾರದು. ಸಾಮಾನಿನ ಚಿಂತೆ ಬಿಟ್ಟು ಬೇರೆ ಕಡೆ ಹೋಗಬೇಕು, ಪಂಚಾಯಿತಿಗೆ ತಿಳಿಸಬೇಕು.

ಎರಡನೆಯದು ಬಯಲುಸೀಮೆಯದು. ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡದ ಕಡೆ ತಲಪರಿಗೆಗಳೆಂಬ ಒರತೆಗಳಿದ್ದವು. ಅಂತರ್ಜಲ ಮಟ್ಟ ನೆಲಕ್ಕೆ ಹತ್ತಿರವಿದ್ದ ಕಾಲದಲ್ಲಿ ಮರಳು ನೆಲವನ್ನು ತೋಡಿ, ಕಾಲುವೆ ತೆಗೆದು ಆ ನೀರಿನಲ್ಲಿ ಬೇಸಾಯ ಮಾಡುತ್ತಿದ್ದರು. ನಮ್ಮನ್ನು ಹೆದರಿಸುವ ಸಂಗತಿಯೇ ಅಲ್ಲಿ ಅನ್ನ ಕೊಟ್ಟಿತ್ತು. ಕೊಳವೆಬಾವಿಗಳು ಹೆಚ್ಚಿದಂತೆ ಬಹಳಷ್ಟು ತಲಪರಿಗೆಗಳು ಒಣಗಿದವು. ನೀರು ಕಾಣದ ಹತ್ತಾರು ವರ್ಷಗಳಲ್ಲಿ ನಾವು ಕೆರೆಯ ಹಿಂದೆ, ಹಳ್ಳದ ಪಾತ್ರದಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಒಳ್ಳೆಯ ಮಳೆಯಾಗಿ ಕೆರೆ ಕೋಡಿ ಬಿದ್ದ ವರ್ಷ ಏರಿಯ ಕೆಳಗಿನ ಮನೆಗಳಲ್ಲಿ ನೆಲ ಒದ್ದೆಯಾದರೆ ಅದು ಕೆರೆಯ ತಪ್ಪಲ್ಲ.

ಮೂರನೆಯದು ನೀರಾವರಿ ಪ್ರದೇಶದ್ದು. ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ, ಕೃಷ್ಣಾ ತೀರದ ಕಬ್ಬಿನ ಗದ್ದೆಗಳಲ್ಲಿ ಹೆಚ್ಚು ನೀರು ಹಾಯಿಸಿ, ಹೊರಹೋಗಲು ಬಸಿಗಾಲುವೆ ಇಲ್ಲದ ಕಡೆ ಭೂಮಿ ಜವಳಾಗಿದೆ. ಅಂತರ್ಜಲ ಮಟ್ಟ ನೆಲದಿಂದ ಎರಡು ಮೀಟರ್ ಒಳಗೆ ಬಂದರೆ ಅದನ್ನು ಜವಳು ಭೂಮಿ ಎಂದೇ ಎಣಿಸುತ್ತಾರೆ. ದೀಪದ ಬತ್ತಿಗೆ ಎಣ್ಣೆ ಏರುವಂತೆ ನೀರು ಮಣ್ಣಿನಲ್ಲಿ ಮೇಲೇರಿ, ಬಿಸಿಲಿಗೆ ಆವಿಯಾಗಿ, ತಂದ ಉಪ್ಪನ್ನು ಅಲ್ಲೇ ಬಿಟ್ಟುಹೋಗುತ್ತದೆ. ನೆಲ ಬೆಳ್ಳಗಾಗಿ ಸವಳಾಗುತ್ತದೆ. ಇದು ಮಳೆಯಿಲ್ಲದೆಯೂ ಬರುವ ನೆರೆ. ಇಳಿಯುವುದಕ್ಕೆ ವರ್ಷಗಳೇ ಬೇಕು.

ಅಪಾಯ ಇರುವುದು ಬಿಂದಿಗೆಯಲ್ಲಿ

ಮತ್ತೆ ನಮ್ಮ ಕೇರಿಗೆ ಬರೋಣ. ಮಕ್ಕಳಿಗೆ ಕಾಯಿಲೆ ಬಂದದ್ದು ಹೇಗೆ? ಶೌಚಾಲಯದ ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಣಮಣ್ಣು ಇದ್ದರೆ ಅದು ಸೋಸುವ ಕೆಲಸ ಮಾಡುತ್ತದೆ. ಗುಂಡಿಯ ತಳ ನೀರಿನ ಮಟ್ಟಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಮೇಲಿರಬೇಕು, ಬಾವಿಯಿಂದ ೩೦ ಮೀಟರ್ ದೂರವಿರಬೇಕು ಎಂಬುದು ವಿಪತ್ತಿನ ಕಾಲದ ನೆರವಿಗಾಗಿ ರೂಪಿಸಿದ ಅಂತಾರಾಷ್ಟ್ರೀಯ ಮಾನದಂಡ. ಬೇಸಿಗೆಯಲ್ಲಿ ಗುಂಡಿ ತೋಡುವಾಗ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಗಸ್ಟ್‌ನಲ್ಲಿ ಮಟ್ಟ ಏರಿ ಗುಂಡಿಯನ್ನೇ ಮುಳುಗಿಸಿದರೆ, ಗುಂಡಿ ಮತ್ತು ಬಾವಿಯ ನೀರು ಒಂದೇ ಆಗುತ್ತದೆ. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ, ರುಚಿಯೂ ಬದಲಾಗುವುದಿಲ್ಲ. ಅಂದು ಪಂಚಾಯಿತಿಯಿಂದ ತಂದ ಪುಟ್ಟ ಪರೀಕ್ಷಾ ಬಾಟಲಿಯಲ್ಲಿ ನಮ್ಮ ಬಾವಿಯ ನೀರು ಹಾಕಿಟ್ಟೆವು. ಮರುದಿನ ಅದು ಕಪ್ಪಗಾಗಿತ್ತು. ಮಲಿನವಾಗಿದೆ ಎಂಬುದಕ್ಕೆ ಅದೇ ಗುರುತು.

ಅಂಥ ದಿನಗಳಲ್ಲಿ ಕುಡಿಯುವ ನೀರನ್ನು ಕುದಿ ಬರುವವರೆಗೆ ಕಾಯಿಸಿ, ಕನಿಷ್ಠ ಒಂದು ನಿಮಿಷ ಚೆನ್ನಾಗಿ ಕುದಿಸಲೇಬೇಕು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದಕ್ಕೆ ಒಂದು ಲೆಕ್ಕವಿದೆ. ಒಳ್ಳೆಯ ಪುಡಿಯಾದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ. ಬಾವಿಯ ವ್ಯಾಸ ೨ ಮೀಟರ್, ನೀರಿನ ಆಳ ೫ ಮೀಟರ್ ಇದ್ದರೆ ನೀರೆಷ್ಟು? ವ್ಯಾಸದ ವರ್ಗವನ್ನು ಆಳದಿಂದ ಗುಣಿಸಿ, ೩.೧೪ರಿಂದ ಗುಣಿಸಿ, ೪ರಿಂದ ಭಾಗಿಸಿ: ೧೫.೭ ಘನ ಮೀಟರ್, ಎಂದರೆ ೧೫,೭೦೦ ಲೀಟರ್. ಪುಡಿ ಸುಮಾರು ೪೦ ಗ್ರಾಂ. ಅದನ್ನು ಬಕೆಟ್ಟಿನ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕದಡಬೇಕು. ಒಂದು ಗಂಟೆಯಾದರೂ ಬಿಡಬೇಕು; ರಾತ್ರಿ ಹಾಕಿ ಬೆಳಗ್ಗೆ ಬಳಸುವುದು ಉತ್ತಮ. ನೀರು ರಾಡಿಯಾಗಿದ್ದರೆ ಈ ಪ್ರಮಾಣ ಸಾಲದು. ಆರೋಗ್ಯ ಸಹಾಯಕರನ್ನು ಕರೆಸಿ ಕ್ಲೋರಿನ್ ಪರೀಕ್ಷೆ ಮಾಡಿಸಿ.

ಏನು ಮಾಡಬೇಕು, ಏನು ಮಾಡಬಾರದು

ಮೊದಲು ನನ್ನ ಸಂಪಿನ ಪಾಠ. ಹೊರ ಅಳತೆ ೨ ಮೀಟರ್ ಉದ್ದ, ೨ ಮೀಟರ್ ಅಗಲ, ಒಂದೂವರೆ ಮೀಟರ್ ಆಳ. ಸುತ್ತ ನೀರು ಮೇಲಿನವರೆಗೂ ನಿಂತರೆ ಅದು ಸ್ಥಳಾಂತರಿಸುವ ನೀರು ೬ ಘನ ಮೀಟರ್, ತೂಕ ೬ ಟನ್. ಅಷ್ಟೇ ಬಲದಿಂದ ಅದು ಮೇಲಕ್ಕೆ ನೂಕುತ್ತದೆ. ನನ್ನ ಸಂಪಿನ ಗೋಡೆ, ತಳ, ಮುಚ್ಚಳ ಎಲ್ಲ ಸೇರಿ ಸುಮಾರು ೪ ಟನ್. ಒಳಗೆ ಒಂದು ಮೀಟರ್ ನೀರು ಬಿಟ್ಟಿದ್ದರೆ ಇನ್ನೂ ೩ ಟನ್ ಸೇರಿ ಸಂಪು ಕದಲುತ್ತಿರಲಿಲ್ಲ! ಆದ್ದರಿಂದ ಮಳೆಗಾಲದಲ್ಲಿ ಸಂಪು, ಸೆಪ್ಟಿಕ್ ಟ್ಯಾಂಕುಗಳನ್ನು ಪೂರ್ತಿ ಖಾಲಿ ಮಾಡಬೇಡಿ. ಪ್ಲಾಸ್ಟಿಕ್ಕಿನವಂತೂ ಹಗುರ, ಬೇಗ ಮೇಲೇಳುತ್ತವೆ. ಹಾಗೆಯೇ ತುಂಬಿದ ಬಾವಿಯನ್ನು ಒಮ್ಮೆಲೇ ಬತ್ತಿಸಬೇಡಿ. ಒಳಗಿನ ನೀರು ಹೋದರೆ ಹೊರಗಿನ ಒತ್ತಡಕ್ಕೆ ಕಟ್ಟಡ ಕುಸಿಯಬಹುದು. ಬಾವಿ ತೊಳೆಸುವ ಕೆಲಸ ಬೇಸಿಗೆಯದು, ಅದನ್ನು ಬಲ್ಲವರದು.

ನೆಲ ಬೆವರುವ ಮನೆಗಳಲ್ಲಿ ಭತ್ತ-ಅಕ್ಕಿಯ ಮೂಟೆ, ಗೊಬ್ಬರದ ಚೀಲ, ಮಕ್ಕಳ ಪುಸ್ತಕಗಳನ್ನು ಮೊದಲೇ ಅಟ್ಟಕ್ಕೋ ಹಲಗೆಯ ಮೇಲಕ್ಕೋ ಏರಿಸಿ. ಪಂಪಿನ ಸ್ಟಾರ್ಟರ್, ನೆಲದ ಹತ್ತಿರದ ಸ್ವಿಚ್ಚುಗಳನ್ನು ಎತ್ತರಕ್ಕೆ ಹಾಕಿಸಿ. ಒದ್ದೆ ನೆಲದಲ್ಲಿ ನಿಂತು ಅವನ್ನು ಮುಟ್ಟಬೇಡಿ. ಧರೆಯ ಬುಡದ ಕಾಲುವೆ, ಗದ್ದೆಯ ಬಸಿಗಾಲುವೆಗಳ ಹೂಳನ್ನು ಮೇ ತಿಂಗಳಲ್ಲೇ ತೆಗೆಸಿ. ಹೊಸ ಶೌಚಾಲಯದ ಗುಂಡಿ ತೋಡುವ ಮೊದಲು ಬಾವಿಯ ಆಗಸ್ಟ್ ತಿಂಗಳ ಮಟ್ಟ ಎಷ್ಟೆಂದು ಕೇಳಿ. ಮೇ ತಿಂಗಳ ಮಟ್ಟ ನಂಬಿ ಮೋಸ ಹೋಗಬೇಡಿ.

ಮಕ್ಕಳಿಗೆ ಒಂದು ಕೆಲಸ

ಮಕ್ಕಳೇ, ಮೊದಲು ಒಂದು ಪ್ರಯೋಗ. ಟಬ್ಬಿನಲ್ಲಿ ದಪ್ಪ ಮರಳು ತುಂಬಿ. ತಳದಲ್ಲಿ ತೂತು ಮಾಡಿದ ಪಾರದರ್ಶಕ ಬಾಟಲಿಯನ್ನು ನಡುವೆ ಹೂಳಿ, ಅದು ಬಾವಿ. ಎರಡು ಪ್ಲಾಸ್ಟಿಕ್ ಲೋಟಗಳನ್ನು ಕಂಠದವರೆಗೆ ಹೂಳಿ, ಒಂದನ್ನು ಖಾಲಿ ಬಿಟ್ಟು ಇನ್ನೊಂದಕ್ಕೆ ನೀರು ತುಂಬಿ. ಈಗ ಟಬ್ಬಿನ ಒಂದು ಮೂಲೆಯಲ್ಲಿ ನಿಧಾನವಾಗಿ ನೀರು ಹೊಯ್ಯಿರಿ. ಬಾಟಲಿಯಲ್ಲಿ ಮಟ್ಟ ಏರುವುದನ್ನು ನೋಡಿ. ಟಬ್ಬನ್ನು ಮೆಲ್ಲಗೆ ತಟ್ಟಿದರೆ ಖಾಲಿ ಲೋಟ ಮೇಲೇಳುತ್ತದೆ, ತುಂಬಿದ್ದು ಅಲ್ಲೇ ಇರುತ್ತದೆ. ನಮ್ಮ ಸಂಪಿನ ಕತೆ ಇಷ್ಟೆ.

ಇನ್ನು ನಿಜವಾದ ಕೆಲಸ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವಾಡಿಕೆಯಾಗಿ ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ದೇಶಕ್ಕೆ ಅದು ಉಪಯುಕ್ತ; ನಿಮ್ಮ ಕೇರಿಗೆ ಅಷ್ಟು ಸಾಲದು. ನಿಮ್ಮ ಮನೆಯ ಅಥವಾ ಶಾಲೆಯ ತೆರೆದ ಬಾವಿಯ ಕಟ್ಟೆಯ ಮೇಲೆ ಬಣ್ಣದಿಂದ ಒಂದು ಗುರುತು ಹಾಕಿ. ಪ್ರತಿ ಭಾನುವಾರ ಬೆಳಗ್ಗೆ, ನೀರು ಸೇದುವ ಮೊದಲು, ಆ ಗುರುತಿನಿಂದ ನೀರಿನವರೆಗೆ ಎಷ್ಟು ಎಂದು ತೂಕ ಕಟ್ಟಿದ ಅಳತೆ ಟೇಪಿನಿಂದ ಅಳೆಯಿರಿ. ದೊಡ್ಡವರೊಬ್ಬರು ಜೊತೆಗಿರಲೇಬೇಕು, ಕಟ್ಟೆ ಹತ್ತಬಾರದು, ಬಗ್ಗಬಾರದು. ದಿನಾಂಕ, ಅಳತೆ, ಆ ವಾರದ ಮಳೆ, ಇಷ್ಟನ್ನು ಬರೆದಿಡಿ. ನೆಲ ಮೊದಲು ಒದ್ದೆಯಾದ ದಿನ ಮಟ್ಟ ಎಷ್ಟಿತ್ತೋ ಅದರ ಕೆಳಗೆ ಕೆಂಪು ಗೆರೆ ಎಳೆಯಿರಿ. ಎರಡು ಮೂರು ಮಳೆಗಾಲ ಕಳೆದರೆ ನಿಮ್ಮ ಕೇರಿಯ ಅಪಾಯದ ಗೆರೆ ನಿಮ್ಮ ಪುಸ್ತಕದಲ್ಲಿರುತ್ತದೆ. ಬೇಸಿಗೆಯಲ್ಲಿ ಅದೇ ಪುಸ್ತಕ ನೀರು ಎಷ್ಟು ದಿನ ಬರುತ್ತದೆಂದೂ ಹೇಳುತ್ತದೆ.

ನಮ್ಮ ಬಾವಿಯ ಪುಸ್ತಕವನ್ನು ಈಗ ಬರೆಯುತ್ತಿರುವವಳು ಅಂದು ಆಸ್ಪತ್ರೆ ಸೇರಿದ್ದ ಆ ಹುಡುಗಿಯೇ. ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಬೆಳಗ್ಗೆ ಬಂದು, "ಸಾರ್, ಕೆಂಪು ಗೆರೆಗೆ ಇನ್ನು ಒಂದೇ ಅಡಿ" ಎಂದಳು. ಆ ಸಂಜೆಯಿಂದ ಕೇರಿಯ ಎಲ್ಲ ಮನೆಗಳಲ್ಲೂ ನೀರು ಕುದಿಸಿ ಕುಡಿದರು. ನಾಲ್ಕನೆಯ ದಿನ ನಮ್ಮ ಅಡುಗೆಮನೆಯ ನೆಲ ಬೆವರಿತು. ಮಕ್ಕಳು ಯಾರೂ ಮಲಗಲಿಲ್ಲ. ಸಂಪಿನಲ್ಲಿ ಒಂದು ಮೀಟರ್ ನೀರು ಇತ್ತು.